ಗೋವೆಯ ಕದಂಬರು: ನಂಟಿನ ಗಂಟು ಬಿಡಿಸುವುದು ಹೇಗೆ?

ಮಡಗಾಂವ್‌ನ ಕದಂಬ ಬಸ್ ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ಸಿಗೆ ಕಾಯುತ್ತಿದ್ದೆವು. ಊರಿಗೆ ಹೊರಟಿದ್ದವರು ಪಕ್ಕದ ಮನೆಯ ಕಾಕಾ. ನಾನು ಸುಮ್ನೆ ಬ್ಯಾಗು ಹಿಡಿದುಕೊಂಡು ಜೊತೆಗೆ ಬಂದಿದ್ದೆ. ಕಾಕಾ ಖಾನಾಪುರ ತಾಲ್ಲೂಕಿನವರು, ಅಡ್ಡಹೆಸರು ಕದಂ. ಎದುರಿಗೆ ನಿಂತ ಗೋವಾ ಸರಕಾರಿ ಬಸ್ಸಿನ ಮೇಲಿನ 'ಕದಂಬ' ಎಂಬ ಹೆಸರು ತೋರಿಸಿ, "ನೋಡ್ರಿ, ಇಷ್ಟೂ ಬಸ್ಸು ನಮ್ಮ ಮನಿತನದ್ದು" ಎಂದು ನಕ್ಕರು. ಆಮೇಲೆ ದನಿ ಇಳಿಸಿ, "ಖರೇನ ಕೇಳ್ತೀನಿ. ನಾವು ಕದಂಬ ರಾಜರ ಪೈಕಿ ಅಂತ ನಮ್ಮಜ್ಜ ಹೇಳ್ತಿದ್ದ. ಅದನ್ನ ಹೆಂಗ ಪತ್ತೆ ಹಚ್ಚೋದು?" ಎಂದರು.

ಬಸ್ಸು ಬಂತು, ಕಾಕಾ ಹತ್ತಿದರು. ಪ್ರಶ್ನೆ ಮಾತ್ರ ನನ್ನ ಹತ್ತಿರ ಉಳಿಯಿತು.

ನದಿಮೂಲ, ಋಷಿಮೂಲ ಕೇಳಬಾರದು ಅಂತಾರಲ್ಲ, ಅದಕ್ಕೆ ರಾಜಮೂಲವನ್ನೂ ಸೇರಿಸಬಹುದು. ತಮಾಷೆ ಏನೆಂದರೆ, ಕಾಕಾ ಕೇಳಿದ ಪ್ರಶ್ನೆಯನ್ನೇ ಗೋವೆಯ ಕದಂಬರಿಗೂ ಕೇಳಬೇಕಾಗುತ್ತದೆ. ನೀವು ಬನವಾಸಿಯ ಕದಂಬರ ಪೈಕಿ ಅಂತೀರಲ್ಲ, ಹೌದಾ? ಅದನ್ನ ಹೆಂಗ ಪತ್ತೆ ಹಚ್ಚೋದು?

ಗೋವೆಯ ಕದಂಬರು ಮೊದಲು ಚಂದ್ರಪುರದಿಂದ, ಆಮೇಲೆ ಗೋಪಕಪಟ್ಟಣದಿಂದ ಆಳಿದರು. ಚಂದ್ರಪುರ ಅಂದರೆ ಮಡಗಾಂವ್‌ನಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಇವತ್ತಿನ ಚಾಂದೋರ್. ಗೋಪಕಪಟ್ಟಣ ಅಂದರೆ ಜುವಾರಿ ನದಿಯ ದಂಡೆಯ ಗೋವಾ ವೆಲ್ಹಾ. 11ನೇ ಶತಮಾನದಿಂದ ಅವರ ಕತೆ ಸ್ಪಷ್ಟವಾಗುತ್ತದೆ. ಕಲ್ಯಾಣದ ಚಾಲುಕ್ಯರ ಕೆಳಗೆ ಮಹಾಮಂಡಳೇಶ್ವರರಾಗಿದ್ದವರು. ತೀರಾ ಚಕ್ರವರ್ತಿಗಳೂ ಅಲ್ಲ, ಬರೀ ಊರ ಗೌಡರೂ ಅಲ್ಲ. ಇಂಥ ನಡುವಿನ ಮನೆತನಗಳಿಗೇ ದೊಡ್ಡವರ ನಂಟು ತುಂಬ ಮುಖ್ಯ. ಹಾಗಾಗಿ ಅವರ ಶಾಸನಗಳಲ್ಲಿ ನಂಟಿನ ಮಾತು ಜಾಸ್ತಿ. ಎಲ್ಲಿ ಮಾತು ಜಾಸ್ತಿಯೋ ಅಲ್ಲಿ ಸೋಸುವ ಕೆಲಸವೂ ಜಾಸ್ತಿ, ಅಲ್ವಾ?

ಮೊದಲು ಅವರು ದೊಡ್ಡ ದನಿಯಲ್ಲಿ ಹೇಳಿಕೊಂಡದ್ದನ್ನೇ ನೋಡೋಣ. ಅವರ ಬಿರುದು 'ಬನವಾಸಿಪುರವರಾಧೀಶ್ವರ'. ಅಂದರೆ, ಶ್ರೇಷ್ಠ ಪಟ್ಟಣವಾದ ಬನವಾಸಿಯ ಒಡೆಯ. ಬಿರುದು ಓದಿದ ಕೂಡಲೇ ಆತ ಬನವಾಸಿಯಲ್ಲಿ ಕೂತು ಆಳುತ್ತಿದ್ದ ಎಂದುಕೊಳ್ಳುವಂತಿಲ್ಲ. 'ನಮ್ಮ ಮೂಲ ಅಲ್ಲಿಯದು' ಎಂದು ಸಾರುವ ರೀತಿ ಅದು. ಆ ಕಾಲದಲ್ಲಿ ಇದು ಮಾಮೂಲಿ. ಥಾಣೆಯ ಶಿಲಾಹಾರರು ಕೊಂಕಣದ ಕಡಲ ದಂಡೆಯಲ್ಲಿ ಕೂತು ತಮ್ಮನ್ನು ತಗರಪುರದ ಒಡೆಯರು ಎಂದು ಕರೆದುಕೊಂಡರು. ತಗರಪುರ ಅಂದರೆ ದೂರದ ಮರಾಠವಾಡದ ತೇರ್. ಇವತ್ತು ಮುಂಬಯಿಯಲ್ಲಿ ಮೂರು ತಲೆಮಾರು ಕಳೆದವರೂ 'ನಮ್ಮೂರು ಕುಂದಾಪುರ' ಅನ್ನುವುದಿಲ್ಲವೇ, ಹಾಗೆ. ವ್ಯತ್ಯಾಸ ಒಂದೇ. ಕುಂದಾಪುರದವರ ಹತ್ತಿರ ಮನೆಯ ಕಾಗದವಾದರೂ ಇರುತ್ತದೆ.

ಬನವಾಸಿಗೂ ಗೋವೆಗೂ ನಡುವೆ ಎಷ್ಟು ಕಾಲದ ಕಂದಕ ಇದೆ ಲೆಕ್ಕ ಹಾಕಿ. ಬನವಾಸಿ ಕದಂಬರ ಮೂಲಪುರುಷ ಮಯೂರಶರ್ಮ 4ನೇ ಶತಮಾನದವನು. 634ರ ಐಹೊಳೆ ಶಾಸನ ಬರೆಯುವ ಹೊತ್ತಿಗೆ, ಬಾದಾಮಿ ಚಾಲುಕ್ಯರ ಕೀರ್ತಿವರ್ಮ ಕದಂಬರ ಪಾಲಿಗೆ ಕಾಳರಾತ್ರಿಯಾದದ್ದು ಹಳೆಯ ಸುದ್ದಿ. ಆಮೇಲೆ ಗೋವೆಯ ಮನೆತನ ಕಣ್ಣಿಗೆ ಬೀಳುವುದು ಸುಮಾರು 350 ವರ್ಷ ಕಳೆದ ಮೇಲೆ. ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ ಹನ್ನೆರಡು ಹದಿನಾಲ್ಕು ಅಪ್ಪಂದಿರು ನಡುವೆ ಇರಬೇಕು. ಅವರನ್ನು ಒಬ್ಬೊಬ್ಬರಾಗಿ ಜೋಡಿಸುವಂಥ ನಂಬಿಕೆಯ ಪಟ್ಟಿ ನಮ್ಮ ಕೈಯಲ್ಲಿಲ್ಲ.

ಕಂದಕ ಇದ್ದ ಮಾತ್ರಕ್ಕೆ ಹೇಳಿದ್ದು ಸುಳ್ಳಾಗುವುದಿಲ್ಲ, ನಿಜ. ಆದರೆ ಎರಡೂ ಕಡೆಯವರು ಹೇಳುವ ಮೂಲದ ಕತೆಯಾದರೂ ಒಂದೇ ಇರಬೇಕಲ್ಲ? ಅದೂ ಇಲ್ಲ. 5ನೇ ಶತಮಾನದ ತಾಳಗುಂದ ಶಾಸನದ ಪ್ರಕಾರ ಮಯೂರಶರ್ಮ ಬ್ರಾಹ್ಮಣ ಹುಡುಗ. ಕಂಚಿಗೆ ಓದಲು ಹೋದ, ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಮನೆ ಹತ್ತಿರ ಒಂದು ಕದಂಬ ಮರ ಇತ್ತು, ಅದರಿಂದ ಮನೆತನಕ್ಕೆ ಆ ಹೆಸರು. ಗೋವೆಯವರ ಶಾಸನಗಳಿಗೆ ಬಂದರೆ ಕತೆಯೇ ಬೇರೆ. ತ್ರಿಪುರ ಸುಟ್ಟ ಶಿವನ ಹಣೆಯ ಬೆವರ ಹನಿ ಕದಂಬ ಮರದ ಬುಡಕ್ಕೆ ಬಿತ್ತು, ಅದರಿಂದ ಮೂರು ಕಣ್ಣು ನಾಲ್ಕು ಕೈಯ ಮೂಲಪುರುಷ ಹುಟ್ಟಿದ. ಎರಡರಲ್ಲೂ ಉಳಿದಿರುವುದು ಮರ ಒಂದೇ!

ಹಾಗಾದರೆ ಗೋತ್ರ ನೋಡಬಹುದಲ್ಲ ಎಂದು ನಮ್ಮ ಕಾಕಾ ಖಂಡಿತ ಕೇಳುತ್ತಾರೆ. ಬನವಾಸಿಯವರು ಮಾನವ್ಯ ಗೋತ್ರದವರು, ಹಾರಿತೀಪುತ್ರರು. ಅವರನ್ನು ಸೋಲಿಸಿದ ಬಾದಾಮಿ ಚಾಲುಕ್ಯರೂ ತಮ್ಮನ್ನು ಮಾನವ್ಯ ಗೋತ್ರದ ಹಾರಿತೀಪುತ್ರರು ಎಂದೇ ಹೇಳಿಕೊಂಡರು. ಊರು ಗೆದ್ದವನು ಗೋತ್ರವನ್ನೂ ಎತ್ತಿಕೊಂಡು ಹೋದಹಾಗೆ ಕಾಣುತ್ತದೆ. ಗೋತ್ರ, ಬಿರುದು, ಲಾಂಛನ ಎಲ್ಲ ಉಟ್ಟ ಬಟ್ಟೆ ಇದ್ದಹಾಗೆ. ಅದು ಮೈಗೆ ಅಂಟಿಕೊಂಡೇ ಹುಟ್ಟಿದ್ದಲ್ಲ.

ಇಲ್ಲಿ ನಾನು ಒಂದು ಮಾತು ಹೇಳಿಬಿಡುತ್ತೇನೆ. ಶಾಸನ ಓದುವಾಗ ಅಪ್ಪ, ಅಜ್ಜ, ಮುತ್ತಜ್ಜ ಎಂದು ಹಿಂದೆ ಹಿಂದೆ ಹೋಗುವ ಸಾಲುಗಳನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಮದುವೆಯ ಸಾಲು ಬಂದರೆ ಎದ್ದು ಕೂರುತ್ತೇನೆ. ಸತ್ತು ಮುನ್ನೂರು ವರ್ಷವಾದ ಮೂಲಪುರುಷ ಎದ್ದು ಬಂದು 'ನೀನು ನನ್ನವನಲ್ಲ' ಅನ್ನುವುದಿಲ್ಲ. ಬದುಕಿರುವ ಬೀಗರು ಅನ್ನುತ್ತಾರೆ.

ಇದಕ್ಕೆ ಒಳ್ಳೆಯ ಉದಾಹರಣೆ ಧಾರವಾಡದ ಪಕ್ಕದ ನರೇಂದ್ರ ಗ್ರಾಮದಲ್ಲಿದೆ. ಅಲ್ಲಿಯ ಕನ್ನಡ ಶಾಸನ 1125ರದು. ಗೋವೆಯ ಇಮ್ಮಡಿ ಜಯಕೇಶಿ ಮತ್ತು ಅವನ ರಾಣಿ ಮೈಳಲದೇವಿಯ ಕಾಲದ್ದು. ಮೈಳಲದೇವಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು. ವಿಕ್ರಮಾದಿತ್ಯ ಪಟ್ಟಕ್ಕೆ ಬಂದದ್ದು 1076ರಲ್ಲಿ, ಸುಮಾರು ಐವತ್ತು ವರ್ಷ ಆಳಿದ. ಅಂದರೆ ಕಲ್ಲು ಕೆತ್ತಿದಾಗ ಮಾವ ಇನ್ನೂ ಸಿಂಹಾಸನದ ಮೇಲಿದ್ದಾನೆ. ಮಾವನ ರಾಜ್ಯದ ನಟ್ಟನಡುವೆ ಊರವರೆಲ್ಲ ಓದುವ ಕಲ್ಲಿನ ಮೇಲೆ 'ನಾನು ಚಕ್ರವರ್ತಿಯ ಅಳಿಯ' ಎಂದು ಸುಳ್ಳು ಕೆತ್ತಿಸುವ ಧೈರ್ಯ ಯಾವ ಮಾಂಡಲಿಕನಿಗೆ ಬರುತ್ತದೆ?

ಮಕ್ಕಳ ಹೆಸರು ನೋಡಿದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಜಯಕೇಶಿಯ ಅಪ್ಪನ ಹೆಸರು ವಿಜಯಾದಿತ್ಯ. ಜಯಕೇಶಿ-ಮೈಳಲದೇವಿಯ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ವಿಜಯಾದಿತ್ಯ, ಅಪ್ಪನ ಕಡೆಯ ಅಜ್ಜನ ಹೆಸರು. ಇನ್ನೊಬ್ಬ ಪೆರ್ಮಾಡಿ. ಗೋವೆಯ ನಾಣ್ಯಗಳಿಂದ ಶಿವಚಿತ್ತ ಎಂದು ಪ್ರಸಿದ್ಧನಾದವನು ಇವನೇ. ವಿಕ್ರಮಾದಿತ್ಯನಿಗೆ ಪೆರ್ಮಾಡಿದೇವ ಎಂದೂ ಹೆಸರಿತ್ತು! ತಾಯಿಯ ತವರಿನ ಅಜ್ಜನ ಹೆಸರು ಇಟ್ಟಿದ್ದಾರೆ ಎಂದು ಊಹಿಸಲು ಪಂಡಿತರು ಬೇಕಿಲ್ಲ, ನಾಮಕರಣಕ್ಕೆ ಹೋಗಿ ಬಂದ ಯಾರಿಗಾದರೂ ಹೊಳೆಯುತ್ತದೆ. ಹೆಸರೊಂದೇ ಸಾಕ್ಷಿ ಆಗುವುದಿಲ್ಲ. ಕಲ್ಲಿನ ಮಾತಿಗೆ ಹೆಸರು ಜೊತೆಯಾದರೆ ಬಲ ಬರುತ್ತದೆ.

ಅದೇ ಹೆಸರು ಕಾಲಿಗೆ ತೊಡಕೂ ಆಗುತ್ತದೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಿಂದ ಗೋವೆಯಲ್ಲಿ ಮೂವರು ಜಯಕೇಶಿಗಳಿದ್ದಾರೆ. ಷಷ್ಠದೇವ, ಚಟ್ಟಯ್ಯ, ಚಟ್ಟಲ ಎಂದರೆ ಒಬ್ಬನೇ ಆಸಾಮಿ. ಷಷ್ಠಿ ಬಾಯಿಮಾತಿನಲ್ಲಿ ಚಟ್ಟಿ ಆಗುವುದು ನಮಗೆ ಗೊತ್ತಲ್ಲ. ಸಾಲದ್ದಕ್ಕೆ ಹೆಚ್ಚುಕಮ್ಮಿ ಅದೇ ಕಾಲಕ್ಕೆ ಹಾನಗಲ್ಲಿನ ಕದಂಬರಲ್ಲೂ ಒಬ್ಬ ಚಟ್ಟ ಇದ್ದಾನೆ. ಹೆಸರು ನೋಡಿ ಒಬ್ಬನೇ ಅಂದುಕೊಂಡರೆ ಇಡೀ ಮರದ ಕೊಂಬೆಗಳು ಅದಲುಬದಲಾಗುತ್ತವೆ.

ನಂಟಿನ ಪದಗಳೂ ಅಷ್ಟೇ ಮೋಸ. ಕನ್ನಡದಲ್ಲಿ ಅಳಿಯ ಅಂದರೆ ಮಗಳ ಗಂಡ, ಅಕ್ಕತಂಗಿಯರ ಮಗನೂ ಅಳಿಯನೇ. ಅಳಿಯ ರಾಮರಾಯ ಕೃಷ್ಣದೇವರಾಯನ ಮಗಳ ಗಂಡ ಎಂದು ಬೇರೆ ಕಡೆಯಿಂದ ಗೊತ್ತಿರುವುದರಿಂದ ಅಲ್ಲಿ ಗೊಂದಲವಿಲ್ಲ. ಪೂರ್ತಿ ಗೊತ್ತಿಲ್ಲದ ಶಾಸನದಲ್ಲಿ ಬರೀ 'ಅಳಿಯ' ಎಂದು ಬಂದರೆ? ಮಾವ ಅನ್ನುವ ಪದಕ್ಕೂ ಇದೇ ಗತಿ. ಸೋದರಮಾವನ ಮಗಳನ್ನೇ ಮದುವೆಯಾದ ಮನೆಯಲ್ಲಿ ಎರಡೂ ಒಬ್ಬನೇ ಆಗಿಬಿಡುತ್ತಾನೆ. ಭಾಷೆಗೆ ಆ ಎರಡು ನಂಟು ಬೇರೆ ಮಾಡುವ ಅಗತ್ಯವೇ ಬಿದ್ದಿಲ್ಲ. ತಲೆನೋವು ನಮಗೆ.

ಈ ಜಾಗದಲ್ಲಿ ನಾನೂ ಒಮ್ಮೆ ಜಾರಿ ಬಿದ್ದಿದ್ದೇನೆ. ಇಮ್ಮಡಿ ಜಯಕೇಶಿಯ ಅಜ್ಜ ಮೊದಲನೆಯ ಜಯಕೇಶಿ ತನ್ನ ಮಗಳನ್ನು ಇದೇ ವಿಕ್ರಮಾದಿತ್ಯನಿಗೆ ಕೊಟ್ಟಿದ್ದ ಎಂದು ಕದಂಬರ ಶಾಸನದಿಂದ ತಿಳಿಯುತ್ತದೆ. ಮುಂದೆ ವಿಕ್ರಮಾದಿತ್ಯನ ಮಗಳು ಮೈಳಲದೇವಿ ಜಯಕೇಶಿಯ ಮೊಮ್ಮಗನ ಕೈಹಿಡಿದಳು. ಎರಡೂ ಪಕ್ಕಪಕ್ಕ ಇಟ್ಟಾಗ ನನಗೆ ಖುಷಿಯಾಯಿತು. ಹಾಗಾದರೆ ಹುಡುಗ ಮದುವೆಯಾದದ್ದು ಸೋದರತ್ತೆಯ ಮಗಳನ್ನು! ನಮ್ಮ ಕಡೆ ಇದಕ್ಕಿಂತ ಸಹಜವಾದ ಮದುವೆ ಉಂಟೇ? ಕಾಗದದ ಮೇಲೆ ಗೆರೆ ಎಳೆದೇಬಿಟ್ಟೆ. ಆಮೇಲೆ ತಣ್ಣಗೆ ಯೋಚಿಸಿದೆ. ವಿಕ್ರಮಾದಿತ್ಯನಿಗೆ ಒಬ್ಬಳೇ ರಾಣಿಯೇ? ಲಕ್ಷ್ಮಾದೇವಿ, ಕೇತಲದೇವಿ, ಕರಹಾಟದ ಶಿಲಾಹಾರರ ಮಗಳು ಚಂದಲದೇವಿ, ಇನ್ನೂ ಎಷ್ಟೋ ಮಂದಿ. ಮೈಳಲದೇವಿ ಇವರಲ್ಲಿ ಯಾರ ಹೊಟ್ಟೆಯಲ್ಲಿ ಹುಟ್ಟಿದಳು ಎನ್ನುವ ಆಧಾರ ಇಲ್ಲದೆ ಆ ಗೆರೆ ಎಳೆಯುವಂತಿಲ್ಲ. ಎರಡು ಗಟ್ಟಿ ಮದುವೆಗಳಿಂದ ಒಂದು ಪೊಳ್ಳು ನಂಟು ಹುಟ್ಟಿಸಿದ್ದೆ. ಅಳಿಸಿದೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಇನ್ನು ಒಂದೇ ಕಡೆಯವರು ಹೇಳಿದ ಮದುವೆ. ಅದೇ ನರೇಂದ್ರ ಶಾಸನದಲ್ಲಿ ಚಟ್ಟಯ್ಯನ ಕತೆ ಬರುತ್ತದೆ, ಅಂದರೆ ಇಮ್ಮಡಿ ಜಯಕೇಶಿಯ ಮುತ್ತಜ್ಜನದು. ಚಟ್ಟಯ್ಯ ಕಡಲಿನಲ್ಲಿ ವಿಹಾರ ಮಾಡುತ್ತಿದ್ದನಂತೆ. ಅವನ ಪರಾಕ್ರಮದ ಸುದ್ದಿ ಕೇಳಿ ಥಾಣೆಯ ಮುಮ್ಮುರಿ ಎದುರು ಬಂದು, ಅರಮನೆಗೆ ಕರೆದುಕೊಂಡು ಹೋಗಿ, ಪ್ರೀತಿಯಿಂದ ಮಗಳನ್ನು ಕೊಟ್ಟು, ಅಳಿಯನಿಗೆ ಐದು ಲಕ್ಷ ಹೊನ್ನೂ ಕೊಟ್ಟನಂತೆ. ಐದು ಲಕ್ಷ! ವರದಕ್ಷಿಣೆಯ ಮಾತು ಬಂದಾಗ ಸೊನ್ನೆಗಳು ಏರುವುದು ಹೊಸದೇನಲ್ಲ.

ಇದನ್ನು ತಾಳೆ ನೋಡಲು ಥಾಣೆಯ ಕಡೆ ಹೋಗಬೇಕು. ಮುಂಬಯಿಯ ಕನ್ನಡಿಗರಿಗೆ ಇದು ಸೆಂಟ್ರಲ್ ಲೈನಿನ ಲೋಕಲ್ ಪ್ರಯಾಣ. ಥಾಣೆಯಲ್ಲಿ ಸಿಕ್ಕ 1017ರ ತಾಮ್ರಪಟದಲ್ಲಿ ಶಿಲಾಹಾರ ಅರಿಕೇಸರಿ ಇದ್ದಾನೆ. ಭಾಂಡುಪ್‌ನಲ್ಲಿ ಸಿಕ್ಕ 1026ರ ಪಟದಲ್ಲಿ ಛಿತ್ತರಾಜ. ಅಂಬರನಾಥದ ಶಿವಾಲಯದ ಶಾಸನದಲ್ಲಿ ಛಿತ್ತರಾಜನ ತಮ್ಮ ಮುಮ್ಮುಣಿ, ಶಕ 982. ಶಕಕ್ಕೆ 78 ಕೂಡಿಸಿದರೆ 1060. ನರೇಂದ್ರದ ಮುಮ್ಮುರಿ ಇವನೇ ಇರಬೇಕು. ಆದರೆ ಚಟ್ಟಯ್ಯನ ಕಾಲ 11ನೇ ಶತಮಾನದ ಮೊದಲ ಅರ್ಧ. 1050ರ ದಶಕದಲ್ಲಿ ಆಗಲೇ ಅವನ ಮಗ ಮೊದಲನೆಯ ಜಯಕೇಶಿ ಪಟ್ಟದಲ್ಲಿದ್ದಾನೆ. ಮುಮ್ಮುಣಿ ರಾಜನಾಗಿ ಅಳಿಯನನ್ನು ಅರಮನೆಗೆ ಕರೆದ ಹೊತ್ತಿಗೆ ಅಳಿಯನಿಗೇ ತಲೆ ನರೆತಿರಬೇಕು.

ಇದನ್ನು ಹೇಗೆ ಬಿಡಿಸುವುದು? ಮುಮ್ಮುಣಿ ಇನ್ನೂ ರಾಜನಾಗುವ ಮೊದಲು ಮಗಳನ್ನು ಕೊಟ್ಟಿರಬಹುದು. ಅಥವಾ ಕೊಟ್ಟವನು ಅವನ ಅಣ್ಣನೋ ಚಿಕ್ಕಪ್ಪನೋ ಆಗಿದ್ದು, ಎಪ್ಪತ್ತೆಂಬತ್ತು ವರ್ಷದ ಮೇಲೆ ಬರೆದ ಕವಿ ಎಲ್ಲರ ಬಾಯಲ್ಲಿದ್ದ ಮುಮ್ಮುರಿಯ ಹೆಸರು ಹಾಕಿರಬಹುದು. ಅಥವಾ ಮುದಿವಯಸ್ಸಿನಲ್ಲಿ ಇನ್ನೊಂದು ಮದುವೆ. ರಾಜರಲ್ಲಿ ಅದೇನು ವಿಶೇಷ! ನನಗೆ ಎರಡನೆಯದು ಜಾಸ್ತಿ ಸರಿ ಅನ್ನಿಸುತ್ತದೆ. ಗೋವೆಗೂ ಥಾಣೆಗೂ ಸಂಬಂಧ ಬೆಳೆದಿತ್ತು ಎನ್ನುವಷ್ಟನ್ನು ಇಟ್ಟುಕೊಂಡು, ಬೀಗರ ಹೆಸರನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಕ್ಷೇಮ.

ಈಗ ಜೇಬಿನಲ್ಲಿ ನೂರರ ಹೊಸ ನೋಟು ಇದ್ದರೆ ತೆಗೆದು ಹಿಂದೆ ತಿರುಗಿಸಿ. ಅಲ್ಲಿರುವುದು ಗುಜರಾತಿನ ಪಾಟಣದ 'ರಾಣಿ ಕೀ ವಾವ್', ಮೆಟ್ಟಿಲು ಬಾವಿ. ಕಟ್ಟಿಸಿದವಳು ಗುಜರಾತಿನ ಚೌಲುಕ್ಯ ಮನೆತನದ ರಾಣಿ ಉದಯಮತಿ ಎಂದು ಹೇಳುತ್ತಾರೆ. ಆ ಉದಯಮತಿಯ ಸೊಸೆ ನಮ್ಮ ಚಾಂದೋರ್‌ನ ಹುಡುಗಿ! ಹೆಸರು ಮಯಣಲ್ಲದೇವಿ, ಗುಜರಾತಿನವರ ಬಾಯಲ್ಲಿ ಮೀನಳದೇವಿ. ಗಂಡ ಕರ್ಣ, ಮಗ ಗುಜರಾತಿನ ಹೆಸರಾಂತ ದೊರೆ ಸಿದ್ಧರಾಜ ಜಯಸಿಂಹ.

ಈ ನಂಟನ್ನು ನಮಗೆ ಹೇಳುವವರು ಗಂಡಿನ ಕಡೆಯವರು, ಅದೂ ಇಬ್ಬರು. ಜೈನ ವಿದ್ವಾಂಸ ಹೇಮಚಂದ್ರ ತನ್ನ ಕಾವ್ಯದಲ್ಲಿ ಇವಳು ಚಂದ್ರಪುರದ ಜಯಕೇಶಿಯ ಮಗಳು ಎನ್ನುತ್ತಾನೆ. ಅವನ ಕತೆಯಲ್ಲಿ ಚಿತ್ರಪಟ, ಪ್ರೀತಿ ಎಲ್ಲ ಇದೆ. ಇನ್ನೊಬ್ಬ ಮೇರುತುಂಗ, 14ನೇ ಶತಮಾನದ ಆರಂಭದವನು. ಅವನ ಪ್ರಕಾರ ಹುಡುಗಿ ನೋಡಲು ಚೆನ್ನಾಗಿಲ್ಲವೆಂದು ಕರ್ಣ ಒಲ್ಲೆ ಅಂದ, ಇವಳು ಪ್ರಾಣ ಬಿಡಲು ಹೊರಟಳು, ಕೊನೆಗೆ ಅತ್ತೆ ಉದಯಮತಿಯೇ ಮಗನ ಕಿವಿ ಹಿಂಡಬೇಕಾಯಿತು. ಇವಳ ಅಪ್ಪ ಜಯಕೇಶಿ, ಅಜ್ಜ ಶುಭಕೇಶಿ ಎಂದೂ ಅವನು ಬರೆಯುತ್ತಾನೆ.

ಶುಭಕೇಶಿ ಯಾರು? ಗೋವೆಯ ಶಾಸನಗಳಲ್ಲಿ ಜಯಕೇಶಿಯ ಅಪ್ಪ ಷಷ್ಠದೇವ, ನಮ್ಮ ಚಟ್ಟಯ್ಯ. ಜಯಕೇಶಿಗೆ ಪ್ರಾಸ ಕೂಡುವ ಹಾಗೆ ಯಾರೋ ಕಟ್ಟಿದ ಹೆಸರಿನಂತೆ ಶುಭಕೇಶಿ ಕೇಳಿಸುತ್ತದೆ. ಅಂದ ಮಾತ್ರಕ್ಕೆ ಮದುವೆಯೇ ಸುಳ್ಳು ಎಂದು ಎಸೆಯಬೇಕೇ? ಬೇಡ. ಹೇಮಚಂದ್ರ ಸಿದ್ಧರಾಜನ ಆಸ್ಥಾನದಲ್ಲೇ ಇದ್ದವನು. ರಾಜನ ತಾಯಿಯ ತವರು ಯಾವುದು ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅದರಲ್ಲಿ ತಪ್ಪಿದರೆ ನಗೆಪಾಟಲು. ಮೇರುತುಂಗ ಅದಾಗಿ ಇನ್ನೂರು ವರ್ಷದ ಮೇಲೆ ಕೇಳಿದ್ದನ್ನು ಬರೆದವನು. ಕಾಲವೂ ಹೊಂದುತ್ತದೆ. ಕರ್ಣ ಪಟ್ಟಕ್ಕೆ ಬಂದದ್ದು 1064ರ ಸುಮಾರಿಗೆ, ಆಗ ಗೋವೆಯಲ್ಲಿ ಮೊದಲನೆಯ ಜಯಕೇಶಿ ಇದ್ದಾನೆ. ಹಾಗಾಗಿ ಚಂದ್ರಪುರವನ್ನು ಇಟ್ಟುಕೊಂಡು ಶುಭಕೇಶಿಯನ್ನು ಬಿಡಬಹುದು. ಚಿತ್ರಪಟ, ಕುರೂಪ, ಪ್ರಾಣತ್ಯಾಗ, ಅವೆಲ್ಲ ಊಟದ ಮೇಲಿನ ಎಲೆಅಡಿಕೆ.

ಚಾಂದೋರ್‌ಗೆ ಹೋದರೆ ತಲೆಯಿಲ್ಲದ ದೊಡ್ಡ ಕಲ್ಲಿನ ನಂದಿ ಇದೆ. ಹಳೆಯ ಶಿವಾಲಯದ ಅಡಿಪಾಯದ ಹತ್ತಿರ ಸುಮ್ಮನೆ ಕೂತಿದೆ. ಪಾಟಣಕ್ಕೆ ಹೋದ ಹುಡುಗಿ ಆ ನಂದಿಗೆ ಕೈಮುಗಿದು ಹೊರಟಿರಬೇಕು ಎಂದು ಬರೆಯಲು ಕೈ ತುರಿಸುತ್ತದೆ. ಬರೆಯಬಾರದು. ಹೀಗೆ ತುರಿಸಿದ ಕೈಗಳಿಂದಲೇ ಶುಭಕೇಶಿಗಳು ಹುಟ್ಟುವುದು.

ನಮ್ಮ ಕಾಕಾನ ಪ್ರಶ್ನೆಗೆ ಬರೋಣ. ಕದಂ ಮತ್ತು ಕದಂಬ ಕಿವಿಗೆ ಒಂದೇ ಥರ ಕೇಳುತ್ತದೆ, ಸಾಕ್ಷಿ ಅಷ್ಟೇ. ಕಾಗದದ ದಾರಿ ಹಿಡಿದರೆ ಪುಣೆಯ ಪೇಶ್ವೆ ದಫ್ತರದ ಮೋಡಿ ಲಿಪಿಯ ಮರಾಠಿ ಕಾಗದಗಳಲ್ಲಿ ಇನಾಮು, ವತನದ ಲೆಕ್ಕ ಸಿಗಬಹುದು, ಅದು 18ನೇ ಶತಮಾನದವರೆಗೆ ಕರೆದುಕೊಂಡು ಹೋಗುತ್ತದೆ. ಪಣಜಿಯ ಪತ್ರಾಗಾರ 1595ರಲ್ಲಿ ಶುರುವಾದದ್ದು, ಪೋರ್ಚುಗೀಸರ ಕಾಲದ ಊರಿನ ಲೆಕ್ಕಗಳಿಗೆ ಅದು ಒಳ್ಳೆಯದು. ಅದಕ್ಕೂ ಹಿಂದೆ ಹೋಗಲು ಸಾಮಾನ್ಯ ಮನೆತನಗಳಿಗೆ ಸೇತುವೆ ಸಿಗುವುದು ಬಹಳ ಕಷ್ಟ.

ಇನ್ನೊಂದು ಲೆಕ್ಕ ಕಾಕಾನಿಗೆ ಇಷ್ಟವಾಗಬಹುದು. ನಮಗೆ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ-ಅಜ್ಜಿಯರು, ಎಂಟು ಮುತ್ತಜ್ಜ-ಮುತ್ತಜ್ಜಿಯರು. ಹೀಗೆ ದ್ವಿಗುಣ ಮಾಡುತ್ತಾ 900 ವರ್ಷ, ಅಂದರೆ 30 ತಲೆಮಾರು ಹಿಂದೆ ಹೋದರೆ 107 ಕೋಟಿ ಜಾಗ ತುಂಬಬೇಕು. ಆಗ ಇಡೀ ಭೂಮಿಯ ಮೇಲೆ ಅಷ್ಟು ಜನ ಇರಲಿಲ್ಲ. ಅಂದರೆ ಒಬ್ಬರೇ ಹಲವು ಜಾಗಗಳಲ್ಲಿ ಬರುತ್ತಾರೆ, ಎಲ್ಲರ ಮರಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. ಜಯಕೇಶಿಯ ರಕ್ತ ಕಾಕಾನಲ್ಲಿ ಇರಬಹುದು, ಬಸ್ಸಿನ ಡ್ರೈವರನಲ್ಲೂ ಇರಬಹುದು. ಇದೆ ಎಂದು ಒಂದೊಂದೇ ಹೆಸರು ಹಿಡಿದು ತೋರಿಸಲು ಮಾತ್ರ ಇಬ್ಬರಿಂದಲೂ ಆಗುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಹಳ್ಳಿಯಿಂದ ಹಲಸಿ ಹತ್ತಿರ. ಹಳೆಯ ಕದಂಬರ ಪಲಾಶಿಕಾ ಅದೇ. ಅಲ್ಲಿಯ ನರಸಿಂಹನ ಗುಡಿಯಲ್ಲಿ ಶಿವಚಿತ್ತ ಪೆರ್ಮಾಡಿಯ 1169ರ ಶಾಸನವೂ ಇದೆ.

"ಹಲಸಿ ಅಂದ್ರ ನಮ್ಮ ಮುತ್ತಜ್ಜಿ ತವರುಮನಿ ಇರಬೇಕು ನೋಡ್ರಿ" ಎಂದರು.

"ಮುತ್ತಜ್ಜಿ ಹೆಸರೇನು ಕಾಕಾ?"

"ಮುತ್ತಜ್ಜನ ಹೆಸರು ಗೊತ್ತದ. ಅವರಪ್ಪಂದೂ ಗೊತ್ತದ. ಮುತ್ತಜ್ಜಿದು..." ಆ ಕಡೆ ಕಾಕೂನ ಕೇಳಿದ್ದು ಫೋನಿನಲ್ಲೇ ಕೇಳಿಸಿತು. ಅವರಿಗೂ ಗೊತ್ತಿರಲಿಲ್ಲ. "ಇಡ್ರಿ, ಅತ್ತಿ ಒಬ್ಬಾಕಿ ಇನ್ನೂ ಗಟ್ಟಿ ಇದ್ದಾಳ ನಂದಗಡದಾಗ. ನಾಳೆ ಹೋಗಿ ಕೇಳ್ಕೊಂಡು ಬರ್ತೀನಿ."